ಕಬ್ಬಿಣ ಸೋಕದ ಮನೆಗೆ

೧೯೮೬ರಲ್ಲಿ ನನ್ನ ಓದು ನಿಂತಿತು, ಒಂಬತ್ತನೇ ಕ್ಲಾಸಿನ ನಡುವೆ. ಅಪ್ಪನಿಗೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ಮದ್ರಾಸಿಗೆ ವರ್ಗವಾಗಿತ್ತು. ನನ್ನನ್ನು ಇಲ್ಲಿನ ಶಾಲೆಗೆ ಸೇರಿಸಿದರು. ಬೋರ್ಡಿನ ಮೇಲಿನ ತಮಿಳು ಅಕ್ಷರ ನನಗೆ ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು. ಮಾಸ್ತರು ದಿನಾ ಎಬ್ಬಿಸಿ ನಿಲ್ಲಿಸಿ, ಓದು ಅನ್ನುವರು. ನಾನು ನಿಂತೇ ಇರುವೆ. "ನನಗೆ ಬರೋದಿಲ್ಲ" ಎಂದು ಒಂದು ಮಾತು ಹೇಳಿದ್ದರೆ ಕೂರಿಸಿ ಕಲಿಸುತ್ತಿದ್ದರೋ ಏನೋ. ಆ ಮಾತು ನನ್ನ ಬಾಯಿಂದ ಬರಲಿಲ್ಲ. ಒಂದು ದಿನ ಚೀಲ ಎತ್ತಿಕೊಂಡು ಹೊರಗೆ ಬಂದವನು ನೇರ ಒಂದು ಲೇತ್ ಅಂಗಡಿಗೆ ಹೋಗಿ, ಕೆಲಸ ಕೊಡಿ ಎಂದೆ. ಅಲ್ಲಿಂದ ಇಲ್ಲಿಯತನಕ ಯಾರ ಮುಂದೆಯೂ ಕೈ ಚಾಚಿದವನಲ್ಲ.

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಬರೆಯಿರಿ ಎಂದು ಕಾರ್ಯದರ್ಶಿಗಳು ಬೆನ್ನು ಹತ್ತಿದ್ದಾರೆ. "ಗುರುಸಿದ್ದಪ್ಪನವರೇ, ಜರ್ಮನಿಗೆ ಹೋಗಿ ಬಂದಿದ್ದೀರಿ, ಅಲ್ಲಿನ ಕೋಟೆ, ನದಿ, ಚರ್ಚು, ಎಲ್ಲಾ ಬರೀರಿ" ಅಂದರು. ನಾನು ಕೋಟೆ ನೋಡಲಿಲ್ಲ. ನೋಡಿದ್ದು ಒಂದು ಮರದ ಮನೆ. ಅದನ್ನೇ ಬರೆಯುತ್ತೇನೆ.

ಪೆರುಂಗುಡಿ

ನನ್ನ ವರ್ಕ್‌ಶಾಪು ಇರುವುದು ಪೆರುಂಗುಡಿಯಲ್ಲಿ, ಗಾಜಿನ ದೊಡ್ಡ ಆಫೀಸುಗಳ ಬೆನ್ನಿಗೆ. ಮುಂದಿನ ರಸ್ತೆಯಲ್ಲಿ ಕೊರಳಿಗೆ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು, ಹಿಂದಿನ ಸಂದಿಯಲ್ಲಿ ನಮ್ಮಂಥವರು. ಪಂಪಿನ ಭಾಗ, ಔಷಧ ಕಂಪನಿಗಳ ಸ್ಟೀಲ್ ಸಾಮಾನು, ಇಂಥವು ನಮ್ಮ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನಾನು ಪೀಸನ್ನು ಹೊರಗೆ ಕಳಿಸುವುದಿಲ್ಲ. ಈ ಹೆಸರು ಕೇಳಿಕೊಂಡೇ ಪೂರ್ಣಿಮಾ ಬಂದಳು.

ಪೂರ್ಣಿಮಾ ವೆಸ್ಟ್ ಮಾಂಬಲಂನಲ್ಲಿ ನಮ್ಮ ಪಕ್ಕದ ಓಣಿಯ ರಾಯರ ಮಗಳು. ರಾಯರು ರೈಲ್ವೆ ಲೆಕ್ಕಪತ್ರ ಇಲಾಖೆಯಲ್ಲಿದ್ದವರು, ಮೈಸೂರಿನ ಕಡೆಯವರು. ಹುಡುಗಿ ಫ್ರಾಕು ಹಾಕಿಕೊಂಡು ನಮ್ಮ ಮನೆಗೆ ಶೇಂಗಾ ಹೋಳಿಗೆ ತಿನ್ನಲು ಬರುತ್ತಿದ್ದಳು. ಈಗ ಡಾಕ್ಟರು, ರೋಗ ನೋಡುವ ಡಾಕ್ಟರಲ್ಲ, ಓದಿನ ಡಾಕ್ಟರು. ನಾಲ್ಕು ಜನರ ಮುಂದೆ ನಾನು ಅವಳನ್ನು ಮೇಡಂ ಅನ್ನುತ್ತೇನೆ, ಉಳಿದಂತೆ ಪೂರ್ಣಿ. ಅವಳಿಗೆ ನಾನು ಯಾವಾಗಲೂ ಅಂಕಲ್.

"ಅಂಕಲ್, ಸೂರ್ಯನಿಂದ ಒಂದು ಗಾಳಿ ಬೀಸತ್ತೆ," ಎಂದು ನನ್ನ ಮೇಜಿನ ಮೇಲೆ ಚೆಲ್ಲಿದ್ದ ಎಣ್ಣೆಯಲ್ಲಿ ಬೆರಳಾಡಿಸಿ ಚಿತ್ರ ಬರೆದಳು. "ನಮ್ಮ ಗಾಳಿ ಥರ ಅಲ್ಲ. ಸುಡೋ ಕಣಗಳು. ಭೂಮಿ ಒಳಗಿರೋ ಅಯಸ್ಕಾಂತ ಅದನ್ನ ಕೊಡೆ ಹಿಡಿದ ಹಾಗೆ ತಡೆಯತ್ತೆ. ಅದಕ್ಕೆ ಕಾಂತಗೋಳ ಅಂತಾರೆ. ಸೂರ್ಯನಲ್ಲಿ ಬಿರುಗಾಳಿ ಎದ್ದಾಗ ಆ ಕೊಡೆ ಬಾಗತ್ತೆ, ನಡುಗತ್ತೆ. ಎಷ್ಟು ಬಾಗಿತು ಅಂತ ಉಪಗ್ರಹದಲ್ಲಿ ಹೋಗಿ ಅಳೆಯಬೇಕು."

"ಅಳದು ಏನ ಮಾಡ್ತೀ?"

"ಉಪಗ್ರಹ ಕೆಟ್ಟುಹೋಗತ್ತೆ ಅಂಕಲ್, ಕರೆಂಟ್ ಲೈನ್ ಸುಡತ್ತೆ. ಮೊದಲೇ ಗೊತ್ತಾದ್ರೆ ಒಳ್ಳೇದಲ್ವಾ? ನಮ್ಮ ತಿರುನೆಲ್ವೇಲಿ ಮೇಲೆ ಭೂಮಿಯ ಕಾಂತದ ನಡುಗೆರೆ ಹೋಗತ್ತೆ. ನಮ್ಮ ತಲೆ ಮೇಲಿನ ವಿಷಯ. ಆದ್ರೆ ಅಳೆಯೋ ಕೈ ಎಲ್ಲಾ ಬೇರೆಯವರದ್ದು."

ಬೇರೆ ದೇಶದವರ ಒಂದು ಉಪಗ್ರಹದಲ್ಲಿ ಅವಳ ಉಪಕರಣಕ್ಕೆ ಒಂದು ಜಾಗ ಕೊಡಲು ಒಪ್ಪಿದ್ದರು. ಅಳೆಯುವ ಕಣ್ಣನ್ನು ಉಪಗ್ರಹದ ಮೈಗೆ ಅಂಟಿಸಿ ಕೂರಿಸಿದರೆ ಆಗುವುದಿಲ್ಲ, ಆ ಮೈಯಲ್ಲೇ ಕಬ್ಬಿಣ, ಕರೆಂಟು ಇರುತ್ತದೆ. ಹಾಗಾಗಿ ಒಂದು ತೋಳು ಬೇಕು. ಮೇಲೆ ಹೋಗುವಾಗ ಮಡಚಿಕೊಂಡಿದ್ದು, ಹೋದಮೇಲೆ ಬಿಚ್ಚಿಕೊಂಡು, ಕಣ್ಣನ್ನು ದೂರಕ್ಕೆ ಚಾಚಬೇಕು. ಆ ತೋಳು, ಅದರ ಕೀಲುಗಳು, ಅಯಸ್ಕಾಂತಕ್ಕೆ ಅಂಟದ ಸ್ಟೀಲಿನಲ್ಲಿ ಕೀಲಿನ ಪಿನ್ನುಗಳು ನನ್ನ ಕೆಲಸ. ಜೊತೆಗೆ ಬಂದ ಇಂಗ್ಲಿಷ್ ಕಾಗದಗಳನ್ನು ಅವಳೇ ಓದಿ, ಬೇಕಾದ್ದನ್ನು ಕನ್ನಡದಲ್ಲಿ ಹೇಳಿದಳು.

"ಇದು ಮಡಿ ಕೆಲಸ ಅಂಕಲ್. ನಮ್ಮ ಅಜ್ಜಿ ಮಡೀಲಿದ್ದಾಗ ಹಗ್ಗದ ಮೇಲಿನ ಸೀರೆನ ಕೋಲಲ್ಲಿ ಎತ್ಕೊಳ್ತಿದ್ರಲ್ಲ, ಯಾರೂ ಸೋಕಬಾರದು ಅಂತ? ಅದೇ ಥರ. ಇದಕ್ಕೆ ಕಬ್ಬಿಣ ಸೋಕಬಾರದು."

"ನಮ್ಮ ಮನ್ಯಾಗ ಆ ಮಡಿಗಿಡಿ ಇಲ್ಲವಾ. ಆದ್ರ ತಿಳೀತು," ಎಂದೆ.

ತಿಳಿದಿತ್ತು ಎಂದೇ ನನ್ನ ನಂಬಿಕೆ. ಅವಳಿಗಾಗಿ ಒಂದು ಲೇತನ್ನು ಬೇರೆ ಮಾಡಿದೆ. ಹೊಸ ಟೂಲು, ಹೊಸ ಬಟ್ಟೆ, ಹೊಸ ಬ್ರಷ್ಷು. ಪೀಸುಗಳನ್ನು ಆಸಿಡ್ಡಿನಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲೆ ಹರವಿದೆ. ಕೊನೆಯಲ್ಲಿ, ಯಾರೂ ಹೇಳದಿದ್ದರೂ, ಒಂದೊಂದನ್ನೂ ನನ್ನ ಅಯಸ್ಕಾಂತದಿಂದ ಪರೀಕ್ಷೆ ಮಾಡಿದೆ. ಹಳೇ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ್ದು, ದಾರ ಕಟ್ಟಿದ್ದು. ಅವ್ವ ಪಾತ್ರೆ ಅಂಗಡಿಗೆ ಹೋಗುವಾಗ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಅಂಟಿದರೆ ಕಳಪೆ ಸ್ಟೀಲು, ಅಂಟದಿದ್ದರೆ ಒಳ್ಳೆಯದು. ಅಂಗಡಿಯವರು ಅವಳನ್ನು ಕಂಡರೆ ಹಿಂದಿನ ಸಾಲಿನ ಪಾತ್ರೆ ತೆಗೆಯುತ್ತಿದ್ದರು. ಸ್ಟೀಲಿನ ವ್ಯಾಪಾರದಲ್ಲಿರುವ ಯಾರ ಜೇಬಿನಲ್ಲಿ ನೋಡಿದರೂ ಇಂಥದ್ದೊಂದು ಇದ್ದೇ ಇರುತ್ತದೆ. ಪಿನ್ನಿನ ಈ ತುದಿಯಿಂದ ಆ ತುದಿಯವರೆಗೆ ಉಜ್ಜಿ ನೋಡಿದೆ. ಒಂದೂ ಅಂಟಲಿಲ್ಲ.

ತೋಳು ಜೋಡಿಸಿ, ಅಂಟು ಹಾಕಿ ಕೊಟ್ಟೆ. ರಾಕೆಟ್ಟಿನ ಅದುರಾಟ ತಡೆಯುತ್ತದೋ ಎಂದು ಪೂರ್ಣಿಮಾಳ ಸಂಸ್ಥೆಯವರು ಕುಲುಕುವ ಯಂತ್ರದಲ್ಲಿ ಕುಲುಕಿಸಿ ಪಾಸು ಮಾಡಿದರು. ಇನ್ನುಳಿದದ್ದು ಕಾಂತದ ಪರೀಕ್ಷೆ ಒಂದೇ. ಅದಕ್ಕೆ ಜರ್ಮನಿಗೆ ಹೋಗಬೇಕು. ಅಲ್ಲಿ ಪಾಸಾದರೆ ಉಪಗ್ರಹದಲ್ಲಿ ಜಾಗ, ಇಲ್ಲದಿದ್ದರೆ ಇಲ್ಲ. ಕೀಲು ಬಿಚ್ಚುವುದು, ಕೂರಿಸುವುದು ನನ್ನ ಕೈಗೇ ಗೊತ್ತು ಎಂದು ಪೂರ್ಣಿಮಾ ನನ್ನ ಹೆಸರನ್ನೂ ಸೇರಿಸಿದಳು. ಓಣಿಯಲ್ಲೆಲ್ಲಾ ಸುದ್ದಿಯಾಯಿತು. ನಾನೇ ಹೇಳಿಕೊಂಡು ಬಂದೆ, ಸುಳ್ಳೇಕೆ.

ಮೀನಂಬಾಕ್ಕಂ

ನನ್ನ ಹೆಂಡತಿ ನೀಲಾ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದಳು. "ಅಲ್ಲಿ ಮಂದಿ ಏನ ತಿಂತಾರೋ ಏನೋ. ಆ ಹುಡುಗಿಗೂ ಕೊಡ್ರಿ, ನೀವ ಒಬ್ರೇ ಮುಗಸಬ್ಯಾಡ್ರಿ," ಎಂದಳು.

ತೋಳನ್ನು ಉದ್ದನೆಯ ಪೆಟ್ಟಿಗೆಯಲ್ಲಿಟ್ಟು ಪೂರ್ಣಿಮಾ ಕೂಸಿನಂತೆ ಎದೆಗೊತ್ತಿಕೊಂಡಿದ್ದಳು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಿಬ್ಬಂದಿ ಕೇಳಿದ, "ಎನ್ನ ಮೇಡಂ, ನಾದಸ್ವರಮಾ?" ಹಿಂದಿದ್ದವರೆಲ್ಲ ನಕ್ಕರು. ಅವಳು ಕಾಗದ ತೋರಿಸುವಷ್ಟರಲ್ಲಿ ಅವನು ಕೈಯಲ್ಲಿದ್ದ, ಲೋಹ ಸಿಕ್ಕರೆ ಕೂಗುವ ದೊಣ್ಣೆಯನ್ನು ಪೆಟ್ಟಿಗೆಯ ಮೇಲೆ ಆಡಿಸಿಬಿಟ್ಟ. "ವೇಂಡಾಂ ಸಾರ್! ಮುಟ್ಟಬೇಡಿ!" ಎಂದು ಎರಡು ಭಾಷೆಯನ್ನೂ ಕಲಸಿ ಕಿರಿಚಿದಳು. ಅವನು ಬೆಚ್ಚಿ ಹಿಂದೆ ಸರಿದ. ನನ್ನ ಚೀಲ ತೆಗೆದು ರೊಟ್ಟಿಯ ಗಂಟನ್ನು ಒತ್ತಿ ನೋಡಿದ. ರೊಟ್ಟಿ ಪುಡಿಯಾದ ಸದ್ದು ನನಗೆ ಕೇಳಿಸಿತು.

ವಿಮಾನದಲ್ಲಿ ಅವಳು ನಿದ್ದೆ ಮಾಡಲಿಲ್ಲ. "ಆ ದೊಣ್ಣೆಯಿಂದ ಏನೂ ಆಗಿರಲ್ಲ ಅಲ್ವಾ ಅಂಕಲ್?" ಎಂದು ಕೇಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು. ನಾನು, ಏನೂ ಆಗಂಗಿಲ್ಲ, ನನ್ನ ಕೈ ಕೆಲಸ ಅದು ಎಂದೆ.

ಪೈನ್ ಕಾಡಿನ ಊರು

ಊರಿನ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಸುತ್ತ ಪೈನ್ ಮರಗಳ ಕಾಡು, ನಡುವೆ ಅಂಗಳ ಗುಡಿಸಿಟ್ಟ ಹಾಗಿರುವ ಮನೆಗಳು. ಸದ್ದೆನ್ನುವುದೇ ಇಲ್ಲ. ನಮ್ಮ ಕಡೆ ಇಷ್ಟು ನಿಶ್ಶಬ್ದ ಇರುವುದು ಸಾವಿನ ಮನೆಯ ಮುಂದೆ, ಹೆಣ ಎತ್ತುವ ಮೊದಲು. ಬಸ್ಸಿನಲ್ಲಿ ಜನ ಮುಖ ಮುಚ್ಚಿಕೊಂಡಂತೆ ಕೂತಿರುತ್ತಾರೆ. ಕಾಲು ತಗಲಿದರೆ ಕ್ಷಮೆ ಕೇಳುತ್ತಾರೆ, ಬಿದ್ದರೆ ಎತ್ತುತ್ತಾರೆ, ಆದರೆ ಎಲ್ಲಿಂದ ಬಂದೆ ಎಂದು ಯಾರೂ ಕೇಳುವುದಿಲ್ಲ. ಚೆನ್ನೈಯಲ್ಲಿ ಇಷ್ಟು ಹೊತ್ತಿಗೆ ಪಕ್ಕದವನು ನನ್ನ ಜಾತಿ, ಬಾಡಿಗೆ, ಸಕ್ಕರೆ ಕಾಯಿಲೆ ಎಲ್ಲ ಕೇಳಿ ಮುಗಿಸಿರುತ್ತಿದ್ದ.

ಬಂದ ದಿನವೇ ನನಗೊಂದು ಬೈಗುಳ ಸಿಕ್ಕಿತು. ರಸ್ತೆ ದಾಟುವಾಗ ಕೆಂಪು ದೀಪವಿತ್ತು. ಆ ಕಡೆ ಈ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ದಾಟಿದೆ. ನಾಯಿ ಹಿಡಿದುಕೊಂಡು ನಿಂತಿದ್ದ ಒಬ್ಬ ಮುದುಕಿ ನನ್ನತ್ತ ಬೆರಳು ಮಾಡಿ ಗದರಿದಳು. ಆ ನಾಯಿಯೂ ದೀಪ ಹಸಿರಾಗುವತನಕ ಕೂತಿತ್ತು. ಪೂರ್ಣಿಮಾ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಇವರಿಗೆ ಇದೇ ಮಡಿ ಅಂಕಲ್. ಯಾರೂ ನೋಡದೇ ಇದ್ರೂ ಮುರಿಯಲ್ಲ."

ಆ ಪ್ರಯಾಣದಲ್ಲಿ ಅವಳು ನಕ್ಕಿದ್ದು ಅದೇ ಕೊನೆ.

ಮರದ ಮನೆ

ಕಾಡಿನೊಳಗೆ, ರಸ್ತೆ, ರೈಲು ಎಲ್ಲದರಿಂದ ದೂರ, ಆ ಮನೆ ಇದೆ. ಎಲ್ಲ ಮರ. ಒಂದು ಕಬ್ಬಿಣದ ಮೊಳೆಯಿಲ್ಲ. ಹಿತ್ತಾಳೆಯ ತಿರುಪು, ಮರದ ಬೆಣೆ, ತಾಮ್ರದ ಕೊಂಡಿ. ಕೆಲಸಗಾರನಾಗಿ ಹೇಳುತ್ತೇನೆ, ಅಷ್ಟು ಚೆಂದದ ಬಡಗಿ ಕೆಲಸವನ್ನು ನಾನು ದೇವಸ್ಥಾನದಲ್ಲೂ ಕಂಡಿಲ್ಲ.

ಅದರ ಮೇಲ್ವಿಚಾರಕ ವೆರ್ನರ್, ನನಗಿಂತ ಹಿರಿಯ. ಅವರ ಅಂಗಿಗೆ ಮರದ ಗುಂಡಿ, ಪ್ಯಾಂಟಿಗೆ ನಾಡಾ. ಮನೆಯಿಂದ ಸಾಕಷ್ಟು ದೂರದಲ್ಲಿ ಒಂದು ಗುಡಿಸಲು, ಅದರಲ್ಲಿ ಒಂದು ಬೆತ್ತದ ಬುಟ್ಟಿ. ಬಂದವರು ಬೀಗದ ಕೈ, ಬೆಲ್ಟು, ಫೋನು, ಗಡಿಯಾರ ಎಲ್ಲ ಅದರಲ್ಲಿ ಹಾಕಿ, ಚಪ್ಪಲಿ ಬದಲಾಯಿಸಿ ಮುಂದೆ ಹೋಗಬೇಕು. ನಾನೂ ಕೋಟಿನ ಜೇಬು ಖಾಲಿ ಮಾಡಿದೆ. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಮುಟ್ಟಿಕೊಂಡು, ಇದನ್ನು ಮಾತ್ರ ತೆಗೆಯುವುದಿಲ್ಲ, ಲಿಂಗ ಮೈಮೇಲಿಂದ ಇಳಿಯುವುದಿಲ್ಲ ಎಂದೆ. ಪೂರ್ಣಿಮಾ ಹೇಗೋ ತಿಳಿಸಿಹೇಳಿದಳು. ವೆರ್ನರ್ ಒಂದು ಉಪಕರಣವನ್ನು ನನ್ನ ಎದೆಯ ಹತ್ತಿರ ಹಿಡಿದು ನೋಡಿ, ಕೈ ಜೋಡಿಸುವ ಹಾಗೆ ಮಾಡಿ, ಹೋಗಿ ಅಂದರು. ನನಗೆ ಅವರ ಮೇಲೆ ಗೌರವ ಬಂತು.

ಅವರು ಮಾತ್ರ ಒಳಗೆ ಬರಲಿಲ್ಲ. ಹೃದಯಕ್ಕೆ ಯಂತ್ರ ಕೂರಿಸಿದ್ದಾರಂತೆ. ಆ ಯಂತ್ರ ಮನೆಗೆ ಮೈಲಿಗೆ, ಮನೆ ಆ ಯಂತ್ರಕ್ಕೆ ಅಪಾಯ. ಜೀವಮಾನವೆಲ್ಲಾ ಕಾಯ್ದ ಮನೆಯ ಹೊರಗೆ, ಹಳದಿ ಹಗ್ಗದ ಆಚೆ, ಕಿಟಕಿಯಲ್ಲಿ ನಿಂತು ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುತ್ತಿದ್ದರು. ಚಳಿಗೆ ಅವರ ಉಸಿರು ಗಾಜಿನ ಮೇಲೆ ಹಬೆಯಾಗುತ್ತಿತ್ತು, ತೋಳಿನಲ್ಲಿ ಒರೆಸಿಕೊಂಡು ಮತ್ತೆ ನೋಡುತ್ತಿದ್ದರು.

ಒಳಗೆ ಆಳೆತ್ತರದ ತಾಮ್ರದ ತಂತಿಯ ಸುರುಳಿಗಳು, ಮೂರು ದಿಕ್ಕಿಗೆ. ಅವುಗಳಲ್ಲಿ ಕರೆಂಟು ಹರಿಸಿ ನಟ್ಟನಡುವೆ ಭೂಮಿಯ ಕಾಂತವನ್ನೇ ಇಲ್ಲವಾಗಿಸುತ್ತಾರೆ. ಪೂರ್ಣಿಮಾ ಒಂದು ದಿಕ್ಸೂಚಿ ತಂದು ಅಲ್ಲಿಟ್ಟು ತೋರಿಸಿದಳು. ಉತ್ತರಕ್ಕೆ ತಿರುಗಬೇಕಾದ ಸೂಜಿ ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಂತಿತು. ಬೆರಳಿನಿಂದ ಈ ಕಡೆ ತಳ್ಳಿದರೆ ಈ ಕಡೆ, ಆ ಕಡೆ ತಳ್ಳಿದರೆ ಆ ಕಡೆ. ಅದಕ್ಕೆ ಯಾವ ಊರೂ ಇರಲಿಲ್ಲ. ಆ ದಿಕ್ಸೂಚಿಯನ್ನು ಹೊರಗೆ ಕಳಿಸಿದ ಮೇಲೆ ನಮ್ಮ ಕೆಲಸ.

ತೋಳನ್ನು ಮರದ ತಿರುಗುಮಣೆಯ ಮೇಲಿಟ್ಟು ಮೆಲ್ಲಗೆ ತಿರುಗಿಸಿದೆವು. ತೋಳಿನಲ್ಲಿ ಕಾಂತ ಎಷ್ಟಿದೆ ಎಂದು ತೋರಿಸುವ ಗೆರೆಯೊಂದು ಪರದೆಯ ಮೇಲೆ ಓಡುತ್ತದೆ. ಅದು ನೆಟ್ಟಗೆ ಹೋದರೆ ಪಾಸು. ಮೊದಲು ನೆಟ್ಟಗೇ ಹೋಯಿತು. ಕೀಲು ಎದುರಿಗೆ ಬಂದಾಗ ಏರಿತು. ಕೀಲು ಆಚೆ ಹೋದಾಗ ಇಳಿಯಿತು. ಮತ್ತೊಂದು ಸುತ್ತು, ಮತ್ತೆ ಅದೇ ಜಾಗದಲ್ಲಿ ಗೂನು. ಎಷ್ಟು ಸಲ ತಿರುಗಿಸಿದರೂ ಗೂನು.

"ಪಿನ್ನು," ಎಂದಳು ಪೂರ್ಣಿಮಾ. "ಅಂಕಲ್, ಪಿನ್ನಲ್ಲಿ ಕಾಂತ ಇದೆ."

"ಸಾಧ್ಯಾನ ಇಲ್ಲ," ಎಂದೆ. "ಆ ಏರ್‌ಪೋರ್ಟಿನವ! ಆ ದೊಣ್ಣಿ ಆಡಿಸಿದ್ನಲ್ಲ, ಅವನ್ದ ಕೆಲಸ ಇದು. ಹಾಳಾಗಿ ಹೋಗ್ಲಿ ಅವ."

ಅವಳು ಕಿಟಕಿಯ ಕಡೆ ಹೋಗಿ ವೆರ್ನರ್‌ಗೆ ಹೇಳಿದಳು. ಅವರು ತಲೆ ಅಲ್ಲಾಡಿಸಿದರು. ಆ ದೊಣ್ಣೆಗೆ ಇಷ್ಟು ಶಕ್ತಿಯಿಲ್ಲ ಎಂದರಂತೆ. ಊಟ ಮಾಡಿ ಬನ್ನಿ, ಯೋಚನೆ ಮಾಡೋಣ ಎಂದರು.

ಗುಡಿಸಲಿಗೆ ವಾಪಸು ಬಂದೆವು. ಬುಟ್ಟಿಯಿಂದ ತಮ್ಮ ಬೀಗದ ಕೈ ತೆಗೆದುಕೊಳ್ಳಲು ವೆರ್ನರ್ ಕೈ ಹಾಕಿದರು. ಒಂದು ಬೀಗದ ಕೈ ಎತ್ತಿದರೆ ಎಲ್ಲವೂ ಎದ್ದು ಬಂತು. ಬೀಗದ ಕೈಗಳು, ಬೆಲ್ಟಿನ ಬಕಲ್ಲು, ಪೂರ್ಣಿಮಾಳ ತಲೆಪಿನ್ನುಗಳು, ಎಲ್ಲ ಒಂದಕ್ಕೊಂದು ಕಚ್ಚಿಕೊಂಡು ದ್ರಾಕ್ಷಿ ಗೊಂಚಲಿನ ಹಾಗೆ. ನಡುವೆ ನನ್ನ ಸ್ಪೀಕರಿನ ಅಯಸ್ಕಾಂತ, ದಾರದ ಸಮೇತ. ವೆರ್ನರ್ ಥಟ್ಟನೆ ಅದನ್ನು ಎದೆಯಿಂದ ದೂರಕ್ಕೆ ಚಾಚಿ ಹಿಡಿದರು. ಯಾರದು ಎಂದು ಅವರು ಕೇಳಿದ್ದು ಭಾಷೆ ಬಾರದಿದ್ದರೂ ನನಗೆ ತಿಳಿಯಿತು.

"ಮೈನ್," ಎಂದೆ. ನನ್ನ ಸಾಮಾನನ್ನು ನನ್ನದಲ್ಲ ಅನ್ನಲು ನನಗೇನು ಹೆದರಿಕೆ? ನನ್ನ ಕೆಲಸದ ಬಗ್ಗೆ ಅವರಿಗೆ ಗೊತ್ತಾಗಲಿ ಎಂದು ಎದೆ ಸೆಟೆಸಿ, ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ: "ಚೆಕಿಂಗ್ ಮ್ಯಾಗ್ನೆಟ್ ಸರ್. ಎವ್ರಿ ಪೀಸ್ ಐ ಚೆಕ್. ಮೈಸೆಲ್ಫ್."

ವೆರ್ನರ್ ಪೂರ್ಣಿಮಾಳ ಕಡೆ ನೋಡಿದರು. ಅವಳು ನನ್ನ ಮಾತನ್ನು ಅವರಿಗೆ ಬಿಡಿಸಿ ಹೇಳದೆ ನನ್ನ ಕಡೆ ತಿರುಗಿದಳು.

"ಯಾವಾಗ ಅಂಕಲ್?"

"ಯಾವಾಗ ಅಂದ್ರ? ಜೋಡಿಸೂಕಿಂತ ಮೊದಲ. ಒಂದೂ ಬಿಟ್ಟಿಲ್ಲ."

"ಹತ್ರ ಹಿಡಿದ್ರಾ, ಸೋಕಿಸಿದ್ರಾ?"

"ಉಜ್ಜೇ ನೋಡೇನಿ. ಒಂದೂ ಅಂಟಲಿಲ್ಲವಾ, ಅಷ್ಟ ಸ್ವಚ್ಛ ಇದ್ವು."

ಅವಳು ಗುಡಿಸಲಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೆಟ್ಟಿಲ ಮೇಲೆ ಹಿಮ ಇತ್ತು, ಅದೂ ಅವಳಿಗೆ ಗೊತ್ತಾಗಲಿಲ್ಲ. ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ಒಳ್ಳೇ ಸ್ಟೀಲೇ ಅಂಕಲ್. ಕೈಗೆ ಗೊತ್ತಾಗೋ ಹಾಗೆ ಅಂಟಲ್ಲ. ಆದ್ರೆ ಎಳೆದು ಕಡ್ಡಿ ಮಾಡುವಾಗ ಒಳಗೆ ಚೂರು ಗುಣ ಬದಲಾಗಿರತ್ತೆ. ಅಯಸ್ಕಾಂತ ಸೋಕಿದ್ರೆ ಆ ಚೂರು ಅದನ್ನ ನೆನಪಿಟ್ಕೊಳ್ಳತ್ತೆ. ಮಡಿ ಇದೆಯಾ ಇಲ್ವಾ ಅಂತ ಮುಟ್ಟಿ ನೋಡಿದ ಹಾಗಾಯ್ತು."

"ಮತ್ತ ಅದನ್ನ ಯಾರೂ ಹೇಳಲಿಲ್ಲಲ್ಲ?"

"ಕಾಗದದಲ್ಲಿ ಇತ್ತು. ನಾನೇ ಓದಿದ್ದೆ. ಹೇಳಬೇಕು ಅಂತಲೇ ತೋಚಲಿಲ್ಲ. ನಮ್ಮಲ್ಲಿ ಯಾರೂ ಅಯಸ್ಕಾಂತ ತರೋದೇ ಇಲ್ಲ ಅಂಕಲ್. ಬೆಂಕಿ ಹಚ್ಚಬೇಡಿ ಅಂತ ಯಾರು ಹೇಳ್ತಾರೆ?"

ಆಗಲೂ ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು. ಶುದ್ಧವೋ ಇಲ್ಲವೋ ಹೇಗೆ ನೋಡುವುದು ಪೂರ್ಣಿ, ಎಂದು ಪೆರುಂಗುಡಿಯಲ್ಲಿ ಒಂದು ಮಾತು ನಾನು ಕೇಳಬಹುದಿತ್ತು. ಕೇಳಿದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ.

ಮತ್ತೆ ಅದೇ ಮನೆ

ಕಾಂತ ಇಳಿಸುವ ಉಪಾಯವೊಂದಿದೆ. ಒಂದು ಸುರುಳಿಯೊಳಗೆ ವಸ್ತುವನ್ನಿಟ್ಟು, ಕರೆಂಟನ್ನು ಹಿಂದೆ ಮುಂದೆ ಮಾಡುತ್ತಾ ನಿಧಾನವಾಗಿ ಕಡಿಮೆ ಮಾಡುತ್ತಾರೆ. ಅಳುವ ಮಗುವನ್ನು ತೂಗಿ ತೂಗಿ ಮಲಗಿಸಿದ ಹಾಗೆ. ನಾನು ಅಳೆಯುವ ಕಣ್ಣನ್ನು ಬಿಚ್ಚಿ ಬೇರೆ ಇಟ್ಟೆ. ಪಿನ್ನುಗಳನ್ನು ಬಿಚ್ಚಲಾಗಲಿಲ್ಲ. ಅಂಟು ಹಾಕಿ ಒತ್ತಿ ಕೂರಿಸಿದವನು ನಾನೇ, ಯಾವ ಕಾಲಕ್ಕೂ ಅಲ್ಲಾಡಬಾರದು ಎಂದು. ಚೆನ್ನಾಗಿಯೇ ಕೂರಿಸಿದ್ದೆ.

ಸುರುಳಿ ಗುಂಯ್ ಎಂದಿತು, ತಗ್ಗಿತು, ನಿಂತಿತು. ಮತ್ತೆ ತಿರುಗುಮಣೆ. ಗೂನು ಅರ್ಧಕ್ಕಿಂತ ಕಮ್ಮಿಯಾಗಿತ್ತು, ಆದರೆ ಇತ್ತು. ಇನ್ನೊಮ್ಮೆ ಮಾಡಿದೆವು. ಅಷ್ಟೇ ಇತ್ತು. ಸೂರ್ಯನ ಬಿರುಗಾಳಿಗೆ ಭೂಮಿಯ ಕೊಡೆ ಎಷ್ಟು ನಡುಗುತ್ತದೋ, ಅದರಲ್ಲಿ ಅವಳು ಹಿಡಿಯಬೇಕೆಂದಿದ್ದ ಸಣ್ಣ ನಡುಕ ಈ ಗೂನಿಗಿಂತ ಸಣ್ಣದಂತೆ. ಉಪಗ್ರಹ ಬಿಸಿಲಿಗೂ ನೆರಳಿಗೂ ಹೋಗಿಬರುವಾಗ ಗೂನೂ ಬದಲಾಗುತ್ತದೆ, ಹಾಗಾಗಿ ಕಳೆದು ಲೆಕ್ಕ ಹಾಕಲೂ ಬರುವುದಿಲ್ಲವಂತೆ.

ಕಿಟಕಿಯಾಚೆ ವೆರ್ನರ್ ಗಾಜು ಒರೆಸಿಕೊಂಡು ನೋಡಿದರು. ಆಮೇಲೆ ಒರೆಸಲಿಲ್ಲ.

ಭಾನುವಾರ

ತೀರ್ಮಾನ ಮಾಡುವವರು ಬೇರೆ ಊರಿನಲ್ಲಿದ್ದರು. ಸೋಮವಾರ ಹೇಳುತ್ತೇವೆ ಎಂದಿದ್ದರು. ಭಾನುವಾರ ಏನೂ ಕೆಲಸವಿಲ್ಲ. ಅಂಗಿ ಒಗೆದು ಹೊರಗೆ ಒಣಹಾಕಿದೆ. ನಾವು ಇಳಿದುಕೊಂಡಿದ್ದ ಮನೆಯ ಒಡತಿ ಬಂದು, ನಗುತ್ತಲೇ, ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟಳು. ಭಾನುವಾರ ಬಟ್ಟೆ ಹೊರಗೆ ಹಾಕಬಾರದಂತೆ. ವೆಸ್ಟ್ ಮಾಂಬಲಂನಲ್ಲಿ ಭಾನುವಾರವೇ ಎಲ್ಲರ ಮನೆಯ ಮಿಕ್ಸಿ, ಎಲ್ಲರ ಮನೆಯ ಒಗ್ಯಾಣ. ಒದ್ದೆ ಅಂಗಿ ಹಿಡಿದುಕೊಂಡು ನಿಂತಿದ್ದೆ. ಈ ದೇಶದಲ್ಲಿ ನಾನು ಮುಟ್ಟಿದ್ದೆಲ್ಲಾ ಮೈಲಿಗೆಯಾಗುತ್ತಿದೆ ಅನ್ನಿಸಿತು.

ಪೂರ್ಣಿಮಾ ಬಾಗಿಲು ತೆರೆಯಲಿಲ್ಲ. ನೀಲಾ ಕಟ್ಟಿಕೊಟ್ಟ ರೊಟ್ಟಿಯ ಚೂರುಗಳಲ್ಲಿ ದೊಡ್ಡವನ್ನು ಆರಿಸಿ, ಚಟ್ನಿಪುಡಿ ಹಾಕಿ, ತಟ್ಟೆಯನ್ನು ಅವಳ ಬಾಗಿಲ ಮುಂದೆ ಇಟ್ಟೆ. "ಪೂರ್ಣಿ, ತಿನ್ನವಾ," ಎಂದೆ. ತಪ್ಪಾಯಿತು ಎಂದು ಅದರ ಜೊತೆಗೆ ಹೇಳಬೇಕಿತ್ತು. ತುಟಿಯವರೆಗೆ ಬಂತು, ಅಲ್ಲೇ ನಿಂತಿತು, ನಾನು ಕ್ಲಾಸಿನಲ್ಲಿ ನಿಂತ ಹಾಗೆ. ಸಂಜೆ ನೋಡಿದಾಗ ತಟ್ಟೆ ಹಾಗೇ ಇತ್ತು. ನಾನೇ ತಿಂದೆ. ಅನ್ನ ಚೆಲ್ಲುವವನಲ್ಲ ನಾನು.

ವೆರ್ನರ್‌ನ ವರ್ಕ್‌ಶಾಪು

ಸೋಮವಾರ ಉತ್ತರ ಬಂತು. ಉಪಕರಣಕ್ಕೆ ಜಾಗವಿಲ್ಲ. ಹೊಸ ಪಿನ್ನು ಹಾಕಿ, ಕುಲುಕಿಸಿ, ಮತ್ತೆ ತರುವಷ್ಟು ಕಾಲ ಅವರು ಕಾಯುವುದಿಲ್ಲ. ಆದರೆ ಉಪಗ್ರಹದ ತೂಕವನ್ನೆಲ್ಲ ಆಗಲೇ ಲೆಕ್ಕ ಹಾಕಿ ಸಮ ಮಾಡಿದ್ದಾರೆ. ನಮ್ಮದು ಇಲ್ಲದಿದ್ದರೆ ಒಂದು ಕಡೆ ವಾಲುತ್ತದೆ. ಆದ್ದರಿಂದ ಅದೇ ತೂಕದ, ಅದೇ ಅಳತೆಯ ಒಂದು ಗಟ್ಟಿಯನ್ನು ಅಲ್ಲಿ ಕೂರಿಸಬೇಕು. ಬರೀ ಅಲ್ಯುಮಿನಿಯಂ ಗಟ್ಟಿ.

ವೆರ್ನರ್ ನನ್ನನ್ನು ನೋಡಿ ಏನೋ ಹೇಳಿದರು. ಪೂರ್ಣಿಮಾ ಈ ಸಲ ಕನ್ನಡ ಮಾಡಿ ಹೇಳಿದಳು, "ನೀವು ಮಾಡ್ತೀರಾ ಅಂತ ಕೇಳ್ತಿದ್ದಾರೆ. ಮಾಡಬೇಕು ಅಂತ ಏನಿಲ್ಲ."

"ಮಾಡ್ತೀನಿ," ಎಂದೆ. ಬೇರೆ ಏನು ಹೇಳಲಿ? ಆ ಜಾಗದಲ್ಲಿ ಕೂರುವುದು ಇನ್ನೊಬ್ಬನ ಕೈ ಕೆಲಸವಾಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಅವರ ಲೇತು ನನ್ನದಕ್ಕಿಂತ ಹಳೆಯದು, ಆದರೆ ಬೆಣ್ಣೆಯ ಹಾಗೆ ಓಡುತ್ತಿತ್ತು. ಅಳತೆಯನ್ನು ವೆರ್ನರ್ ಬೆರಳಲ್ಲಿ ತೋರಿಸುವರು, ನಾನು ತಲೆಯಾಡಿಸುವೆ. ಭಾಷೆ ಬೇಕಾಗಲಿಲ್ಲ. ಕೊಯ್ದೆ, ತೂಗಿದೆ, ಮತ್ತೊಂದು ಸವರು ತೆಗೆದೆ, ತೂಗಿದೆ. ಪೂರ್ಣಿಮಾ ಬಾಗಿಲಲ್ಲಿ ಕೋಟಿನೊಳಗೆ ಕೈ ಹುದುಗಿಸಿಕೊಂಡು ನಿಂತಿದ್ದಳು.

"ತೂಕ ಕರೆಕ್ಟಾ ಬಂತಾ?"

"ಬಂತು. ಕೂದಲೆಳಿ ಹೆಚ್ಚಿಲ್ಲ, ಕಡಿಮಿ ಇಲ್ಲ."

"ಮ್ಯಾಗ್ನೆಟ್ ಇಟ್ಟು ಚೆಕ್ ಮಾಡಿದ್ರಾ?"

ನಾನು ತಲೆ ಎತ್ತಿ ನೋಡಿದೆ. ಅವಳು ನಗುತ್ತಿರಲಿಲ್ಲ. ಅಂದ ಮಾತು ಅವಳಿಗೇ ಚುಚ್ಚಿತು ಅಂತ ಕಾಣುತ್ತದೆ, ತಿರುಗಿ ಹೊರಗೆ ಹೋದಳು. ವೆರ್ನರ್‌ಗೆ ಮಾತು ತಿಳಿಯಲಿಲ್ಲ. ಆದರೆ ಲೇತಿನ ಸ್ವಿಚ್ಚು ಆರಿಸಿ, ನನಗೊಂದು ಸ್ಟೂಲು ಎಳೆದು ಹಾಕಿದರು. ನಾನು ಕೂರಲಿಲ್ಲ.

ಅಯಸ್ಕಾಂತವನ್ನು ಅವರು ಮರದ ಪೆಟ್ಟಿಗೆಯಲ್ಲಿಟ್ಟು ವಾಪಸು ಕೊಟ್ಟರು.

ವೆಸ್ಟ್ ಮಾಂ‌ಬಲಂ

ವಾಪಸು ಬರುವಾಗ ನಮ್ಮ ಸೀಟುಗಳು ಬೇರೆ ಬೇರೆ ಸಾಲಿನಲ್ಲಿದ್ದವು. ಅದು ಕಂಪ್ಯೂಟರು ಕೊಟ್ಟದ್ದೋ, ಅವಳು ಕೇಳಿದ್ದೋ ನನಗೆ ಗೊತ್ತಿಲ್ಲ. ಪೆಟ್ಟಿಗೆಯನ್ನು ಈ ಸಲ ಅವಳು ಎದೆಗೊತ್ತಿಕೊಳ್ಳಲಿಲ್ಲ, ಸಾಮಾನಿನ ಜೊತೆ ಹಾಕಿದ್ದಳು.

ಮನೆಯಲ್ಲಿ ನೀಲಾ, "ಹೆಂಗಾತ್ರೀ?" ಎಂದಳು. ಹೇಳಿದೆ. ಎಲ್ಲ ಕೇಳಿ, "ಅತ್ತಿ ಆ ಅಯಸ್ಕಾಂತ ಹಿಡಕೊಂಡು ಬರೀ ಪಾತ್ರಿ ತರತಿದ್ರು," ಎಂದಳು. ಅಷ್ಟೇ ಅಂದಳು. ಓಣಿಯವರಿಗೆ ನಾನು ಆ ಮರದ ಮನೆಯ ಬಡಗಿ ಕೆಲಸದ ಬಗ್ಗೆ ಹೇಳಿದೆ, ಕೆಂಪು ದೀಪದ ಮುದುಕಿಯ ಬಗ್ಗೆ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಪಿನ್ನು ಮಾಡಿಕೊಡುತ್ತೇನೆ ಎಂದು ರಾಯರ ಕೈಯಲ್ಲಿ ಹೇಳಿ ಕಳಿಸಿದೆ. ಇನ್ನೊಂದು ಉಪಗ್ರಹ ಸಿಗಬೇಕಲ್ಲ ಎಂದರು ರಾಯರು. ಸಿಗಲಿಲ್ಲ. ಪೂರ್ಣಿಮಾಳ ಸಂಸ್ಥೆಯಲ್ಲಿ ಆ ಕೆಲಸವನ್ನು ಮುಚ್ಚಿದರು. ಅವಳು ಈಗ ನಮ್ಮ ಪೆರುಂಗುಡಿ ರಸ್ತೆಯಲ್ಲೇ ಮುಂದೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳುತ್ತಾಳೆ. ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಕಾಣಿಸುತ್ತಾಳೆ.

ಆ ಉಪಗ್ರಹ ಹೋದ ಮಳೆಗಾಲದಲ್ಲಿ ಮೇಲೆ ಹೋಯಿತು. ರಾಯರೇ ಹೇಳಿದರು. ಮರುದಿನ ಸ್ಟಾಪಿನಲ್ಲಿ ಅವಳನ್ನು ಕಂಡಾಗ ಹತ್ತಿರ ಹೋದೆ. ಈ ಸಲ ಹೇಳಿಯೇ ಬಿಡಬೇಕು ಎಂದು ಹೋದೆ.

"ಪೂರ್ಣಿ, ಹೋತಂತಲ್ಲವಾ ಮ್ಯಾಲೆ."

"ಹೂಂ. ನಮ್ಮ ತಲೆ ಮೇಲಿಂದ ದಿನಾ ಹೋಗತ್ತೆ," ಎಂದಳು.

"ಅದರಾಗ ಆ ಗಟ್ಟಿ..."

"ಇದೆ. ಚೆನ್ನಾಗಿ ಕೂತಿದೆಯಂತೆ. ಬ್ಯಾಲೆನ್ಸ್ ಪರ್ಫೆಕ್ಟ್ ಅಂತ ವೆರ್ನರ್ ಬರೆದಿದ್ರು, ನಿಮಗೆ ಹೇಳು ಅಂತ." ಬಸ್ಸು ಬಂತು. ಚೀಲ ಸರಿಮಾಡಿಕೊಂಡು, "ಬರ್ತೀನಿ ಸಾರ್," ಎಂದು ಹತ್ತಿದಳು.

ಫ್ರಾಕಿನ ಕಾಲದಿಂದ ಅಂಕಲ್ ಎಂದವಳು. ಬಸ್ಸು ಹೋದಮೇಲೂ ನಾನು ನಿಂತೇ ಇದ್ದೆ.

ಈಗ ನನ್ನ ಹತ್ತಿರ ಇರುವುದು: ಎರಡು ಲೇತು, ಒಂದು ಮಿಲ್ಲಿಂಗ್ ಮೆಷಿನು. ವೆಸ್ಟ್ ಮಾಂಬಲಂನಲ್ಲಿ ಒಂದು ಮನೆ, ಮನೆಯಲ್ಲಿ ನೀಲಾ. ಮರದ ಪೆಟ್ಟಿಗೆಯಲ್ಲಿ ಒಂದು ಅಯಸ್ಕಾಂತ. ಪೂರ್ಣಿಮಾ ವಾಪಸು ಕಳಿಸಿದ ಒಂದು ತೋಳು. ಹೇಳದೆ ಉಳಿದ ಒಂದು ಮಾತು. ಮತ್ತು ಆಕಾಶದಲ್ಲಿ ಒಂದು ಗಟ್ಟಿ, ನನ್ನ ಕೈಯದು, ತೂಕ ಸರಿಯಾಗಿರುವುದು, ಏನನ್ನೂ ಅಳೆಯದಿರುವುದು.